ಗಾಡಿ ಸಂಘಕ್ಕೆ ಪ್ರಥಮ ಸ್ಥಾನ ಮರಳಿ ಬಂದ ಬಗೆ

ಹುಣಸೂರಿನ ಎತ್ತಿನಗಾಡಿ ತಯಾರಕರ ಸಹಕಾರ ಸಂಘವು ಎರಡು ಸಾವಿರದ ಒಂಬತ್ತನೇ ಇಸವಿಯ ಯುಗಾದಿಯವರೆಗೆ ಪ್ರಪಂಚದಲ್ಲಿ ಪ್ರಥಮ ಸ್ಥಾನದಲ್ಲಿತ್ತು. ಇದು ಸಂಘದ ಅಭಿಪ್ರಾಯವಲ್ಲ. ಇಂಟರ್‌ನೆಟ್ಟಿನ ಹುಡುಕುವ ಪೆಟ್ಟಿಗೆಯಲ್ಲಿ ‘ಬುಲಕ್ ಕಾರ್ಟ್ ಫಾರ್ ರೆಸಾರ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಎಲ್ಲಕ್ಕಿಂತ ಮೇಲೆ ನಮ್ಮ ಸಂಘದ ವೆಬ್‌ಸೈಟು ಬರುತ್ತಿತ್ತು. ಆ ಮಾತನ್ನು ಹುಡುಕುವವರು ಪ್ರಪಂಚದಲ್ಲಿ ಎಷ್ಟು ಜನ ಇದ್ದಾರೆ ಎಂದು ಯಾರೂ ಕೇಳಲಿಲ್ಲ. ಪ್ರಥಮ ಸ್ಥಾನದಲ್ಲಿರುವವರನ್ನು ಅಂಥದ್ದನ್ನು ಕೇಳುವ ಪದ್ಧತಿ ನಮ್ಮ ಕಡೆ ಇಲ್ಲ.

ಆ ಹೊತ್ತಿಗೆ ಗಾಡಿ ಕೊಳ್ಳುವ ರೈತರು ಮುಗಿದುಹೋಗಿದ್ದರು. ಕೊಡಗು, ಕಬಿನಿ, ವಯನಾಡಿನ ರೆಸಾರ್ಟಿನವರು ಮಾತ್ರ ಕೊಳ್ಳುತ್ತಿದ್ದರು. ಅವರು ಗಾಡಿಯನ್ನು ಹುಲ್ಲುಹಾಸಿನ ಮೇಲೆ ನಿಲ್ಲಿಸಿ ಅದರೊಳಗೆ ಹೂವಿನ ಕುಂಡ ಇಡುತ್ತಿದ್ದರು. ಸಂಘದಲ್ಲಿ ಗಾಡಿ ಮಾಡಬಲ್ಲವರೆಂದರೆ ಮಂಚಯ್ಯ ಒಬ್ಬರೇ. ಉಳಿದವರೆಲ್ಲ ನಿರ್ದೇಶಕರು. ನಾನು ಕಾರ್ಯದರ್ಶಿ.

ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಸಮಾಜ ನನ್ನನ್ನು ಕರೆಯಲೆಂದು ಕಾಯುತ್ತಿದ್ದಾಗ ಈ ಹುದ್ದೆಗೆ ಮುಕ್ತ ಆಯ್ಕೆ ನಡೆಯಿತು. ಸಂಘದ ಅಧ್ಯಕ್ಷ ಕಂಠಪ್ಪನವರು ನನ್ನ ಸೋದರಮಾವ. ಅರ್ಜಿ ಹಾಕಿದವನು ನಾನೊಬ್ಬನೇ, ಏಕೆಂದರೆ ಪ್ರಕಟಣೆಯನ್ನು ನಮ್ಮ ಮನೆಯ ಅಡುಗೆಕೋಣೆಯಲ್ಲಿ ಬಾಯಿಮಾತಿನಲ್ಲಿ ಹೊರಡಿಸಲಾಗಿತ್ತು. ವೆಬ್‌ಸೈಟು ಮಾಡಿದವನೂ ನಾನೇ. ಅದು ಪ್ರಥಮ ಸ್ಥಾನಕ್ಕೆ ಹೇಗೆ ಬಂತೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಅದು ನನ್ನ ಸಾಧನೆ ಎಂದು ಎಲ್ಲರೂ ಹೇಳಿದಾಗ ಅಲ್ಲಗಳೆಯಲು ನನ್ನ ಬಳಿ ಆಧಾರ ಇರಲಿಲ್ಲ.

ಈ ಸಾಧನೆಯ ಬಲದ ಮೇಲೆಯೇ ಬೆಟ್ಟದಪುರದ ಶಿವನಂಜಪ್ಪನವರು ತಮ್ಮ ಮಗಳು ರಮ್ಯಾಳನ್ನು ನನಗೆ ಕೊಡಲು ಒಪ್ಪಿದ್ದರು. ಒಪ್ಪುವುದಕ್ಕೆ ಬೇರೆ ಕಾರಣ ನನಗೂ ತೋಚಿರಲಿಲ್ಲ. ಶಿವನಂಜಪ್ಪನವರು ಹೊಗೆಸೊಪ್ಪು ಬೆಳೆಯುವವರು. ಒಂದನೇ ಗ್ರೇಡು, ಎರಡನೇ ಗ್ರೇಡು ಎಂದು ಎಲೆ ವಿಂಗಡಿಸಿ ಬದುಕಿದವರು. ಅಳಿಯನನ್ನೂ ಬೆಳಕಿಗೆ ಹಿಡಿದು ಹಾಗೇ ನೋಡಿದರು. ಬೆಟ್ಟದ ಕೆಳಗಿನ ಹೋಟೆಲಿನಲ್ಲಿ ಕೂತು, ನಮ್ಮ ಅಳಿಯ ಪ್ರಪಂಚಕ್ಕೇ ಒಂದನೆಯವನು ಎಂದು ಇಡೀ ಊರಿಗೆ ಹೇಳಿದರು. ರಮ್ಯಾ ಬಿ.ಎಸ್ಸಿ. ಓದಿ ಪಿರಿಯಾಪಟ್ಟಣದ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಅವಳು ಈ ಬಗ್ಗೆ ಏನೂ ಹೇಳಿರಲಿಲ್ಲ. ಹೆಣ್ಣು ನೋಡುವ ದಿನ ನನ್ನನ್ನು ಒಂದು ಸಲ ನೋಡಿ ನಕ್ಕಿದ್ದಳು. ನನಗೆ ಅಷ್ಟು ಸಾಕಾಗಿತ್ತು. ಆಮೇಲೆ ಬೇರೆ ಸಂಬಂಧ ನೋಡುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

ಯುಗಾದಿ ಕಳೆಯಿತು. ಶಿವನಂಜಪ್ಪನವರು ಯಾರೋ ನೆಂಟರನ್ನು ಪಿರಿಯಾಪಟ್ಟಣದ ಸೈಬರ್ ಸೆಂಟರಿಗೆ ಕರೆದೊಯ್ದು ಅಳಿಯನ ಸ್ಥಾನವನ್ನು ತೋರಿಸಲು ಹೊರಟರು. ಒಂದನೇ ಜಾಗದಲ್ಲಿ ಹೆಗ್ಗಡದೇವನಕೋಟೆಯ ಚಲುವರಾಜು ಎಂಬ ಗಾಡಿ ವ್ಯಾಪಾರಿ ಇದ್ದ. ನಾವು ಎರಡನೇ ಪುಟಕ್ಕೆ ಹೋಗಿದ್ದೆವು.

ಮರುದಿನ ಶಿವನಂಜಪ್ಪನವರು ಮೊದಲ ಬಸ್ಸಿಗೇ ಹುಣಸೂರಿಗೆ ಬಂದು ಸಂಘದ ಕಚೇರಿಯಲ್ಲಿ ಕೂತರು. ಕಾಫಿ ಬೇಡ ಎಂದರು. ವಿಷಯ ಗಂಭೀರ ಎಂದು ಎಲ್ಲರಿಗೂ ತಿಳಿಯಿತು.

“ಒಂದ್ನೇ ಜಾಗ ವಾಪಸ್ ಬರ್ಲಿ, ಆಮೇಲೆ ಲಗ್ನದ ಮಾತು,” ಎಂದರು ನನ್ನ ಮಾವನಿಗೆ. “ಎಲ್ಡ್ನೇ ಪುಟದ ಅಳಿಯನ್ನ ಮಡೀಕಂಡು ನಾನು ಊರ್ನಲ್ಲಿ ಎಂಗ್ ಓಡಾಡ್ಲಿ ಕಂಠಪ್ಪಾರೇ?”

ತುರ್ತು ಸಭೆ ಸೇರಿತು. ಕಂಠಪ್ಪನವರು ಸಭೆಯಲ್ಲಿ ನನ್ನನ್ನು ‘ಕಾರ್ಯದರ್ಶಿಗಳೇ’ ಎಂದೂ, ಸಭೆ ಮುಗಿದ ಮೇಲೆ ‘ಲೇ ವಸಂತ’ ಎಂದೂ ಕರೆಯುತ್ತಿದ್ದರು. ಅಂದು ಸಭೆಯ ನಡುವೆಯೇ ‘ಲೇ’ ಎಂದದ್ದರಿಂದ ನನ್ನ ಸ್ಥಿತಿ ನನಗೆ ಅರ್ಥವಾಯಿತು.

ಮೊದಲ ಪರಿಹಾರವನ್ನು ಅವರೇ ಸೂಚಿಸಿದರು. ಅವರ ತಂದೆ ರಾಮಕೋಟಿ ಬರೆದವರು. ಒಂದು ಹೆಸರನ್ನು ಬಿಡದೆ ಬರೆಯುತ್ತಾ ಹೋದರೆ ಒಲಿಯದವರು ಯಾರಿದ್ದಾರೆ ಎಂಬುದು ಅವರ ವಾದ. ವಿಶ್ವವಿದ್ಯಾನಿಲಯದಲ್ಲಿ ಓದಿದವನಾದ್ದರಿಂದ ನಾನು ವಿರೋಧಿಸಲಿಲ್ಲ. ಇದರಲ್ಲಿ ಸಂಸ್ಕೃತಿಯ ಅಂಶವಿದೆ ಎಂದು ಟಿಪ್ಪಣಿ ಮಾಡಿಕೊಂಡೆ. ವೆಬ್‌ಸೈಟಿನ ಪ್ರತಿ ಪುಟದಲ್ಲೂ ‘ಬುಲಕ್ ಕಾರ್ಟ್ ಫಾರ್ ರೆಸಾರ್ಟ್’ ಎಂದು ಸಾಲುಸಾಲಾಗಿ ತುಂಬಿಸಿದೆ. ನೋಡುವವರಿಗೆ ಅಸಹ್ಯವಾಗದಿರಲೆಂದು ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದೆ. ದೇವರಿಗೆ ಕಾಣುತ್ತದೆ ಎಂದರು ಅಧ್ಯಕ್ಷರು. ಹುಡುಕುವ ಯಂತ್ರಕ್ಕೂ ಕಂಡಿತು. ನಾವು ಎರಡನೇ ಪುಟದಿಂದ ಏಳನೇ ಪುಟಕ್ಕೆ ಹೋದೆವು.

ಸಂಖ್ಯೆ ಹೆಚ್ಚಾಗಿದ್ದರಿಂದ ನಿರ್ದೇಶಕರೊಬ್ಬರು ಅಭಿನಂದನೆ ಸೂಚಿಸಿದರು. ಅದನ್ನು ನಡಾವಳಿಯಿಂದ ತೆಗೆಯಬೇಕಾಯಿತು.

ಈಗ ವಿಷಯದ ಬುಡಕ್ಕೆ ಹೋಗಬೇಕು ಎಂದು ತೀರ್ಮಾನವಾಯಿತು. ನಮ್ಮ ಕಡೆ ಮದುವೆಯಲ್ಲಾಗಲಿ ಹಬ್ಬದಲ್ಲಾಗಲಿ ಮೊದಲ ವೀಳ್ಯ ಯಾರಿಗೆ ಎಂಬುದು ತಾತ ಮುತ್ತಾತನ ಕಾಲದಲ್ಲೇ ಗೊತ್ತಾಗಿರುತ್ತದೆ. ಒಬ್ಬರ ವೀಳ್ಯ ಇನ್ನೊಬ್ಬರಿಗೆ ಹೋಯಿತೆಂದರೆ ಅದನ್ನು ಪೈಪೋಟಿ ಎನ್ನುವುದಿಲ್ಲ. ಅವಮಾನ ಎನ್ನುತ್ತೇವೆ, ನ್ಯಾಯ ಸೇರಿಸುತ್ತೇವೆ. ಇಂಟರ್‌ನೆಟ್ಟಿನಲ್ಲಿ ಯಾರೋ ತಿಳಿಯದವರು ಹುಣಸೂರಿನ ವೀಳ್ಯವನ್ನು ಹೆಗ್ಗಡದೇವನಕೋಟೆಗೆ ಕೊಟ್ಟಿದ್ದಾರೆ, ಇಷ್ಟೇ ವಿಷಯ ಎಂದು ಸಭೆ ಕಂಡುಕೊಂಡಿತು. ನನಗೂ ಇದು ತರ್ಕಬದ್ಧವಾಗಿಯೇ ಕಂಡಿತು. ನನ್ನ ಎಂ.ಎ. ಪ್ರಬಂಧ ಇದೇ ವಿಷಯದ ಮೇಲಿತ್ತು. ಅದು ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಚಲುವರಾಜುವನ್ನು ಕರೆಸಿ ಸಂಘದ ಜಗಲಿಯ ಮೇಲೆ ನ್ಯಾಯ ಸೇರಿಸಲಾಯಿತು. ಅವನು ಮೋಟಾರ್ ಬೈಕಿನಲ್ಲಿ ಬಂದ. ವೆಬ್‌ಸೈಟನ್ನು ಮಾಡಿಕೊಟ್ಟವನು ಅಕ್ಕನ ಮಗ, ತಾನು ಅದನ್ನು ಒಂದು ದಿನವೂ ನೋಡಿಲ್ಲ ಎಂದ.

“ನಾನು ಮುಂದಿದ್ದೀನಿ ಅನ್ನೋದು ನಂಗೇ ಗೊತ್ತಿಲ್ಲ ಕಣ್ರಣ್ಣ,” ಎಂದ. “ಗೊತ್ತಿದ್ದಿದ್ರೆ ರೇಟಾದ್ರೂ ಜಾಸ್ತಿ ಯೋಳ್ತಿದ್ದೆ.”

ಹಿಂದಿನಿಂದಲೂ ಒಂದನೇ ಜಾಗ ಹುಣಸೂರಿನದು ಎಂದು ಕಂಠಪ್ಪನವರು ವಿವರಿಸಿದರು. ‘ಹಿಂದಿನಿಂದ’ ಎಂದರೆ ಎರಡು ವರ್ಷ ಎಂಬುದನ್ನು ನಾನು ಹೇಳಲಿಲ್ಲ. ಒಂದು ಹೆಣ್ಣುಮಗುವಿನ ಲಗ್ನ ಇದರ ಮೇಲೆ ನಿಂತಿದೆ ಎಂದಾಗ ಚಲುವರಾಜು ಕರಗಿದ. ಅವನಿಗೂ ಇಬ್ಬರು ಹೆಣ್ಣುಮಕ್ಕಳಿದ್ದರು.

“ಅಯ್ಯೋ ಬುಡಿ, ಅದ್ಕೇನಂತೆ. ಮೊದ್ಲು ನಿಮ್ದೇ,” ಎಂದು ವೀಳ್ಯ ಮುಟ್ಟಿ ಹೇಳಿದ. ಕೆಳಗೆ ಇಳಿಯುವುದು ಹೇಗೆಂದು ನನ್ನನ್ನು ಕೇಳಿದ. ನಮಗೆ ಆ ವಿಷಯದಲ್ಲಿ ಅನುಭವವಿದ್ದರೂ ವಿಧಾನ ಗೊತ್ತಿಲ್ಲ ಎಂದೆ.

ತೀರ್ಪನ್ನು ಸಂಬಂಧಪಟ್ಟವರಿಗೆ ತಲುಪಿಸಬೇಕಿತ್ತು. ಹುಡುಕುವ ಯಂತ್ರದವರ ಕಚೇರಿ ಯಾವ ತಾಲ್ಲೂಕಿನಲ್ಲಿದೆ ಎಂದು ಯಾರಿಗೂ ತಿಳಿಯದ್ದರಿಂದ, ಇಡೀ ತೀರ್ಪನ್ನು ಹುಡುಕುವ ಪೆಟ್ಟಿಗೆಯಲ್ಲೇ ಟೈಪ್ ಮಾಡಲು ನನಗೆ ಆದೇಶವಾಯಿತು. ಮಾಡಿ ಎಂಟರ್ ಒತ್ತಿದೆ. ‘ಇದಕ್ಕೆ ಹೊಂದುವ ಯಾವುದೂ ಸಿಕ್ಕಿಲ್ಲ’ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಓದಿ ಹೇಳಿದೆ.

“ಅಂದ್ರೆ ಯಾರ ತಕರಾರೂ ಇಲ್ಲ,” ಎಂದರು ಕಂಠಪ್ಪನವರು. ತೀರ್ಪು ಸ್ಥಿರವಾಯಿತು.

ಆದರೂ ನಾವು ಏಳನೇ ಪುಟದಲ್ಲೇ ಇದ್ದೆವು. ತೀರ್ಪು ಆದ ಮೇಲೆ ಅದನ್ನು ಜಾರಿ ಮಾಡಬೇಕಾದವರು ಗೆದ್ದವರೇ ಅಲ್ಲವೇ ಎಂದು ಯಾರೋ ಹೇಳಿದರು. ಅದರಂತೆ ಕೆಳಗಿನ ಸುತ್ತೋಲೆ ಹೊರಟಿತು. ಇದರ ಕರಡು ನನ್ನದೇ.

‘ಸಂಘದ ಎಲ್ಲ ಸದಸ್ಯರೂ ಪಾಳಿಯ ಪ್ರಕಾರ ಕಚೇರಿಗೆ ಬಂದು, ಸಂಘದ ಕಂಪ್ಯೂಟರಿನಲ್ಲಿ ಸದರಿ ಪದವನ್ನು ಹುಡುಕಿ, ಸಂಘದ ಹೆಸರು ಎಲ್ಲಿದ್ದರೂ ಅಲ್ಲಿಯವರೆಗೆ ಹೋಗಿ ಅದನ್ನು ಒತ್ತತಕ್ಕದ್ದು. ದಾರಿಯಲ್ಲಿ ಸಿಗುವ ಇತರರನ್ನು ಒತ್ತತಕ್ಕದ್ದಲ್ಲ. ಕಣ್ಣು ಕಾಣದ ಸದಸ್ಯರ ಪರವಾಗಿ ಮೊಮ್ಮಕ್ಕಳು ಒತ್ತಬಹುದು. ಎಡಗೈಯಿಂದ ಒತ್ತತಕ್ಕದ್ದಲ್ಲ.’

ಪಾಳಿ ಶುರುವಾಯಿತು. ನಾಟಿ ಕೆಲಸ ಬಿಟ್ಟು ಬಂದವರಿದ್ದರು. ಕೈ ತೊಳೆದು ಒತ್ತಬೇಕೆಂದು ಬಾಗಿಲಲ್ಲಿ ಬಕೆಟ್ಟು ಇಟ್ಟೆವು. ಪಕ್ಷಪಾತವಾಗಬಾರದೆಂದು ಮಂಚಯ್ಯನವರಿಗೂ ಪಾಳಿ ಹಾಕಲಾಯಿತು. ಇದರಿಂದ ಗಾಡಿ ತಯಾರಿಕೆ ಪೂರ್ತಿ ನಿಂತಿತು. ಗಾಡಿ ಇಲ್ಲದ್ದಕ್ಕೆ ಕೈ ತಪ್ಪಿದ ಆರ್ಡರುಗಳನ್ನು, ಸ್ಥಾನ ಇಲ್ಲದ್ದಕ್ಕೆ ತಪ್ಪಿದವು ಎಂದು ದಾಖಲಿಸಿದೆ.

“ಯಾವಾಗ್ ಮುಗೀತದಪ್ಪ ಇದು?” ಎಂದು ಮಂಚಯ್ಯ ಮೌಸು ಹಿಡಿದುಕೊಂಡೇ ನನ್ನನ್ನು ಕೇಳಿದರು.

ಲಗ್ನ ಆಗುವವರೆಗೆ ಎಂದೆ.

“ನಿಂಗೇ ಲಗ್ನ, ನಂಗೆ ಕೈನೋವು,” ಎಂದು ಅವರು ಮತ್ತೆ ಒತ್ತಿದರು.

ಆಷಾಢ ಬರುವಷ್ಟರಲ್ಲಿ ಸಂಘ ಮೇಲೇರತೊಡಗಿತು. ಏಳರಿಂದ ನಾಲ್ಕಕ್ಕೆ, ನಾಲ್ಕರಿಂದ ಮೊದಲ ಪುಟಕ್ಕೆ. ಒಂದು ಮಧ್ಯಾಹ್ನ, ಒಬ್ಬ ನಿರ್ದೇಶಕರ ಅತ್ತೆ ಮಲ್ಲಾಜಮ್ಮ ಒತ್ತಿದ ಮೇಲೆ, ಎಲ್ಲಕ್ಕಿಂತ ಮೇಲೆ ಬಂದು ನಿಂತಿತು. ಕಚೇರಿಯಲ್ಲಿ ಸಿಹಿ ಹಂಚಿದರು. ಮಲ್ಲಾಜಮ್ಮನವರ ಕೈಗುಣದ ಬಗ್ಗೆ ನಿರ್ಣಯವಾಯಿತು.

ನಾನು ಸಂಶಯ ಸ್ವಭಾವದವನು. ವಿದ್ಯಾಭ್ಯಾಸದಿಂದ ನನಗಾದ ಹಾನಿಯಲ್ಲಿ ಇದೂ ಒಂದು. ಸಂಜೆ ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿಗೆ ಹೋಗಿ ಅದೇ ಪದವನ್ನು ಹುಡುಕಿದೆ. ನಾವು ಏಳನೇ ಪುಟದಲ್ಲಿದ್ದೆವು. ಚಲುವರಾಜು ಒಂದನೇ ಜಾಗದಲ್ಲಿದ್ದ. ಸೆಂಟರಿನ ಹುಡುಗಿ, ಸೌಂದರ್ಯ ಎಂಬವಳು, ಕಾರಣ ಹೇಳಿದಳು: ಒಂದು ಕಂಪ್ಯೂಟರಿನಲ್ಲಿ, ಒಂದೇ ಹೆಸರಿನಲ್ಲಿ ಲಾಗಿನ್ ಆಗಿ, ಒಂದನ್ನೇ ದಿನವೂ ಒತ್ತುತ್ತಿದ್ದರೆ ಅದು ನಿಮಗೆ ಬೇಕಾದ್ದನ್ನೇ ನಿಮಗೆ ಮೊದಲು ತೋರಿಸುತ್ತದೆ, ಬೇರೆಯವರಿಗೆ ಅಲ್ಲ. ಪ್ರಪಂಚದಲ್ಲಿ ನಾವು ಒಂದನೆಯವರು ಎಂದು ತಿಳಿದಿದ್ದದ್ದು ಸಂಘದ ಕಂಪ್ಯೂಟರು ಮಾತ್ರ.

ನೇರವಾಗಿ ಕಂಠಪ್ಪನವರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆ ಸೈಬರ್ ಕಂಪ್ಯೂಟ್ರು ಯಾರ್ದು?”

“ಖಾಸಗಿಯವ್ರದು ಮಾವ.”

“ನಮ್ದು?”

“ಸಂಘದ್ದು.”

“ಸಂಘ ರಿಜಿಸ್ಟ್ರಾಗದಾ?”

“ಆಗಿದೆ.”

“ಮತ್ತೆ? ಯಾವ್ದುಲಾ ಅಧಿಕೃತ?”

ಸಂಘದ್ದೇ ಎಂದು ಬರೆದುಕೊಂಡೆ.

ಶಿವನಂಜಪ್ಪನವರಿಗೆ ಹೇಳಿ ಕಳುಹಿಸಲಾಯಿತು. ಅವರು ಮಗಳನ್ನೂ ಕರೆದುಕೊಂಡು ಬಂದರು. ಕಂಪ್ಯೂಟರ್ ಓದಿದವಳು, ಪರೀಕ್ಷೆ ಮಾಡಲಿ ಎಂದು. ನಿರ್ದೇಶಕರೆಲ್ಲ ಎದ್ದು ನಿಂತರು. ರಮ್ಯಾ ಕುರ್ಚಿಯಲ್ಲಿ ಕೂತು ಪದವನ್ನು ಟೈಪ್ ಮಾಡಿದಳು. ನಾವು ಒಂದನೇ ಜಾಗದಲ್ಲಿ ಬಂದೆವು. ಶಿವನಂಜಪ್ಪನವರು ಮುಂದಕ್ಕೆ ಬಾಗಿ ಪರದೆಯನ್ನು ಎಲೆ ನೋಡುವ ಹಾಗೆ ನೋಡಿ, ಬೆರಳಿನಿಂದ ಮುಟ್ಟಿ, ಸರಿ ಎಂದರು.

ರಮ್ಯಾ ಮಾತ್ರ ಪರದೆಯ ಮೇಲಿನ ಮೂಲೆಯನ್ನು ನೋಡುತ್ತಿದ್ದಳು. ಅಲ್ಲಿ ಸಂಘದ ಲಾಗಿನ್ ಹೆಸರಿತ್ತು. ಅವಳ ಕೈ ಮೌಸಿನ ಮೇಲಿತ್ತು. ಒಂದು ಸಲ ಒತ್ತಿ ಲಾಗೌಟ್ ಮಾಡಿ ಮತ್ತೆ ಹುಡುಕಿದರೆ ಎಲ್ಲ ಮುಗಿಯುತ್ತಿತ್ತು. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಬಕೆಟ್ಟು ನೋಡಿದೆ.

ಅವಳು ಮೌಸು ಬಿಟ್ಟು ಎದ್ದಳು. ಹೋಗುವಾಗ ಬಾಗಿಲಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದಳು:

“ಇದನ್ನ ಯಾವತ್ತೂ ಆಫ್ ಮಾಡ್ಬೇಡಿ.”

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರನ್ನೂ ಒಪ್ಪಿರಲಾರರು ಎಂದು ನನಗನ್ನಿಸಿತು. ಶಿವನಂಜಪ್ಪನವರು ಎರಡು ಲೋಟ ಕಾಫಿ ಕುಡಿದರು.

ಅಂದಿನಿಂದ ಸಂಘದ ಕಂಪ್ಯೂಟರನ್ನು ಅಧಿಕೃತ ಕಂಪ್ಯೂಟರು ಎಂದು ಘೋಷಿಸಲಾಯಿತು. ಅದರಲ್ಲಿ ಬೇರೆ ಯಾವ ಪದವನ್ನೂ ಹುಡುಕುವಂತಿಲ್ಲ. ನಮ್ಮ ಸ್ಥಾನದ ಬಗ್ಗೆ ಅನುಮಾನವಿದ್ದವರು ಕಚೇರಿ ವೇಳೆಯಲ್ಲಿ ಹುಣಸೂರಿಗೆ ಬಂದು ಖಾತ್ರಿ ಮಾಡಿಕೊಳ್ಳಬಹುದು. ಮಂಚಯ್ಯನವರು ಉಳಿಯ ಕೆಲಸಕ್ಕೆ ಮರಳಿದರು. ಕೇರಳದ ಗಡಿಯ ಕಡೆ, ಎನ್. ಬೇಗೂರಿನ ಆಚೆಯಿಂದ ರೆಸಾರ್ಟಿನ ಮ್ಯಾನೇಜರೊಬ್ಬರು ಜೀಪಿನಲ್ಲಿ ಬಂದು ಗಾಡಿ ಬೇಕೆಂದರು. ಮೊದಲು ಹುಡುಕಿ ಎಂದು ಕಂಪ್ಯೂಟರಿನ ಮುಂದೆ ಕೂರಿಸಿದೆವು. ನಾನು ಬಂದು ನಿಮ್ಮ ಎದುರಿಗೇ ಕೂತಿದ್ದೇನಲ್ಲ, ಇನ್ನು ಹುಡುಕುವುದೇನು ಎಂದು ಅವರು ಮಲಯಾಳಂ ಬೆರೆತ ಕನ್ನಡದಲ್ಲಿ ಕೇಳಿದರು. ಕಂಠಪ್ಪನವರು, ಕ್ರಮ ಎಂದರು. ಅವರು ಹುಡುಕಿದರು, ನಾವು ಸಿಕ್ಕಿದೆವು, ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಎರಡು ಗಾಡಿ ಹೇಳಿಹೋದರು.

ಲಗ್ನ ಶ್ರಾವಣದಲ್ಲಿ ಬೆಟ್ಟದಪುರದ ಛತ್ರದಲ್ಲಿ ನಡೆಯಿತು. ಅಧಿಕೃತ ಕಂಪ್ಯೂಟರು ಬರಲೇಬೇಕೆಂದು ಶಿವನಂಜಪ್ಪನವರು ಹಟ ಹಿಡಿದರು. ಊರಿನವರಿಗೆ ಮಾತು ಕೊಟ್ಟಿದ್ದರು. ಛತ್ರದಲ್ಲಿ ಇಂಟರ್‌ನೆಟ್ ಇಲ್ಲದ್ದರಿಂದ ಪುಟವನ್ನು ತೆರೆದಿಟ್ಟೇ ತರಬೇಕಾಯಿತು. ಆರದಂತೆ ಲಾರಿ ಬ್ಯಾಟರಿಯೊಂದನ್ನು, ಇನ್ವರ್ಟರ್ ಸಮೇತ, ಅವರೇ ಉಡುಗೊರೆ ಕೊಟ್ಟರು. ಹುಣಸೂರಿನಿಂದ ಟೆಂಪೋದಲ್ಲಿ ಬಂದ ಕಂಪ್ಯೂಟರು ಊರ ಬಾಗಿಲಿನಿಂದ ಮಂಚಯ್ಯನವರ ಹೊಸ ಗಾಡಿ ಏರಿತು. ಎತ್ತು ಸಿಗದ್ದರಿಂದ ಗಾಡಿಗೆ ಟ್ರ್ಯಾಕ್ಟರ್ ಕಟ್ಟಿದ್ದರು. ಜನ ಸಾಲಾಗಿ ನಿಂತು ಪರದೆ ನೋಡಿದರು. ಚಲುವರಾಜು ಸಂಸಾರ ಸಮೇತ ಬಂದು ನೋಡಿ, ಚೆನ್ನಾಗಿ ಕಾಣ್ತದೆ ಎಂದ.

ವೀಳ್ಯ ಕೊಡುವ ಹೊತ್ತು ಬಂತು. ಬೆಟ್ಟದಪುರದಲ್ಲಿ ಮೊದಲ ವೀಳ್ಯ ಊರ ಯಜಮಾನರದು. ಅವರು ಕಂಪ್ಯೂಟರಿನ ಕಡೆ ಒಮ್ಮೆ ನೋಡಿ, ಒಂದನೇ ಜಾಗದವರು ಎದುರಿಗಿರುವಾಗ ನಾನು ತೆಗೆದುಕೊಳ್ಳುವುದು ಮರ್ಯಾದೆಯಲ್ಲ ಎಂದು ಹಿಂದೆ ಸರಿದರು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣನ್ನು ಕೀಬೋರ್ಡಿನ ಪಕ್ಕದಲ್ಲಿ ಇಡಲಾಯಿತು. ಎರಡನೆಯದು ಯಜಮಾನರಿಗೆ ಹೋಯಿತು.

ಅಷ್ಟರಲ್ಲಿ ಬ್ಯಾಟರಿ ಇಳಿದು ಇನ್ವರ್ಟರು ಕೂಗತೊಡಗಿತು. ಮಂಟಪದ ಪಕ್ಕ ನೆಲದ ಹತ್ತಿರವಿದ್ದ ಛತ್ರದ ಪ್ಲಗ್ಗು ಸಡಿಲ. ಒತ್ತಿ ಹಿಡಿದರೆ ಮಾತ್ರ ಕರೆಂಟು. ಮಂಟಪದಲ್ಲಿ ಕೂತಲ್ಲಿಂದಲೇ ನಾನು ಕೈ ಚಾಚಿ ಹಿಡಿದುಕೊಂಡೆ. ಧಾರೆಗೆ ಎರಡೂ ಕೈ ಬೇಕು ಎಂದರು ಪುರೋಹಿತರು. ಶಿವನಂಜಪ್ಪನವರು ಪರದೆಯನ್ನೇ ನೋಡುತ್ತಿದ್ದರು.

ರಮ್ಯಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ಸ್ವಲ್ಪ ಸರಿದು ಕೂತಳು. ಕಾಲು ಚಾಚಿ, ಹೆಬ್ಬೆರಳಿನಿಂದ ಪ್ಲಗ್ಗನ್ನು ಒತ್ತಿ ಹಿಡಿದಳು. ಎಡಗಾಲು. ಸುತ್ತೋಲೆಯಲ್ಲಿ ಕಾಲಿನ ಬಗ್ಗೆ ಏನೂ ಹೇಳಿರಲಿಲ್ಲವಾದ್ದರಿಂದ ಯಾರ ತಕರಾರೂ ಬರಲಿಲ್ಲ.

ನಾನು ಎರಡೂ ಕೈ ಕೊಟ್ಟೆ. ಧಾರೆಯಾಯಿತು.