ಮೂರು ಅಂಗಡಿ, ಒಂದೇ ವೆಬ್‌ಸೈಟು

ವೆಬ್‌ಸೈಟ್ ಮಾಡಿಕೊಡುವವನ ಮುಂದೆ ಕೂತರೆ ಎಂಥ ಗಟ್ಟಿ ವ್ಯಾಪಾರಿಗೂ ಕಣ್ಣು ಅರ್ಧ ಮುಚ್ಚಿ ಕನಸು ಬೀಳತೊಡಗುತ್ತದೆ; ನನ್ನ ಕಸುಬಿನಲ್ಲಿ ಇದು ಇವತ್ತಿಗೂ ತಪ್ಪಿಲ್ಲ.

ತೆಲಂಗಾಣ ಆದ ಹೊಸತು. ಬಸ್ಸು, ಕಚೇರಿ, ಅಂಗಡಿ ಎಲ್ಲದರ ಮೇಲೂ ರಾಜ್ಯದ ಹೆಸರು ಬದಲಾಗುತ್ತಿದ್ದ ಕಾಲ. ಒಂದು ಸೀರೆ ವ್ಯಾಪಾರದ ಮನೆತನದವರು ನನ್ನನ್ನು ಕರೆಸಿದರು. ಅಪ್ಪ ತೀರಿಕೊಂಡ ಮೇಲೆ ನಾರಾಯಣಪೇಟೆಯ ಅಂಗಡಿ ಹಿರಿಯಣ್ಣನಿಗೆ, ಮಕ್ತಲ್‌ನದು ಅಕ್ಕನಿಗೆ, ಗದ್ವಾಲ್‌ನದು ಕಿರಿಯವನಿಗೆ ಬಂದಿತ್ತು. ಮೂವರಲ್ಲಿ ಮಾತಿಲ್ಲ. ಮೂರೂ ಅಂಗಡಿಗಳ ಮೇಲೆ ಅಪ್ಪನ ಹೆಸರೊಂದೇ ಉಳಿದಿತ್ತು. ಅವರ ಕರಾರು ಇಷ್ಟು: ಬಹಳ ಕಾಲ ಬಾಳುವ ಒಂದು ವಿನ್ಯಾಸವನ್ನು ಮೂವರೂ ಒಪ್ಪಿದರೆ ಒಂದೇ ವೆಬ್‌ಸೈಟು. ಇಲ್ಲವೆಂದರೆ ಅಪ್ಪನ ಹೆಸರು ಇಳಿಸಿ ಅವರವರ ಹೆಸರು ಅವರವರು ಹಾಕಿಕೊಳ್ಳುವುದು. ನಮ್ಮವ್ವನ ಮದುವೆ ಸೀರೆ ಆ ಅಂಗಡಿಯದೇ. ಆ ಹೆಸರು ಇಳಿಯುವುದು ನನಗೂ ಬೇಕಿರಲಿಲ್ಲ.

ಬಣ್ಣ ಬಿಡಬಾರದು

ನಾರಾಯಣಪೇಟೆಯ ಹಿರಿಯಣ್ಣ ಲ್ಯಾಪ್‌ಟಾಪ್ ಪರದೆಯನ್ನು ಬಹಳ ಹೊತ್ತು ನೋಡಿದರು. ಕೆಂಪು ಮೈ, ಹಳದಿ ಅಂಚು ಹಾಕಿದ್ದೆ. ಅವರ ಕಣ್ಣು ಎಲ್ಲೋ ತೇಲಿಹೋಯಿತು.

"ಚಂದ ಐತಿ. ಆದ್ರ ಹತ್ತು ವರ್ಷ ಆದ್ರೂ ಬಣ್ಣ ಬಿಡಬಾರದು ನೋಡ್ರಿ."

"ಇದು ಬಣ್ಣ ಬಿಡೂದಿಲ್ರೀ ಅಣ್ಣಾ."

"ಎಲ್ಲಾರೂ ಹಂಗ ಅಂತಾರ," ಎಂದವರೇ ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ, ಸೀರೆ ಪರೀಕ್ಷೆ ಮಾಡುವ ಹಾಗೆ ಪರದೆಯನ್ನು ತಿಕ್ಕಿದರು. ನಾನು ಅದನ್ನು ಒರೆಸಿ ಯಾವ ಕಾಲವಾಗಿತ್ತೋ. ಕರವಸ್ತ್ರವನ್ನು ನನ್ನ ಮುಖದ ಮುಂದೆ ಹಿಡಿದರು.

"ಕೆಂಪು ಹಾಕೀನಿ ಅಂದ್ರಿ, ಕರೀದು ಬಿಡಾಕತ್ತೈತಲ್ರೀ!"

ಕಣ್ಣು ಮುಚ್ಚಿ ನೋಡ್ರಿ

ಮಕ್ತಲ್‌ನ ಅಕ್ಕ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ. "ಅದನ್ನ ಮುಚ್ಚಿಡ್ರಿ. ಮೊದಲ ಕಣ್ಣು ಮುಚ್ಚಿ ನೋಡ್ರಿ. ನಾ ಹೇಳ್ತೀನಿ."

ಮುಚ್ಚಿದೆ. ಆಕೆಯೂ ಮುಚ್ಚಿದಳು.

"ಕೃಷ್ಣಾ ಹೊಳಿ ದಂಡಿ. ಮುಂಜಾನಿ ಮಂಜು. ಒಂದು ಸೀರಿ ಒಣಾಕಿದ್ದೈತಿ. ಗಾಳಿ ಬಂತು... ಸೆರಗು ಮೆಲ್ಲಕ ಎದ್ದಿತು... ಕಾಣಾಕತ್ತೈತೇನ್ರಿ?"

ನಿಜಕ್ಕೂ ಕಾಣುತ್ತಿತ್ತು. ನೀರಿನ ತಂಪು ಸಹ ಕಾಲಿಗೆ ತಾಗಿದಂತಾಯಿತು. ಇಬ್ಬರೂ ಸೆರಗಿನ ಹಿಂದೆ ಎಷ್ಟು ದೂರ ಹೋದೆವೋ, ಬಾಗಿಲ ಕಡೆಯಿಂದ ಸಣ್ಣ ದನಿ ಕೇಳಿತು. ಉಟ್ಕೂರ್ ಕಡೆಯ ಹೆಣ್ಣುಮಗಳೊಬ್ಬಳು ಸೀರೆ ಕೊಳ್ಳಲು ಬಂದವಳು, ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ನಿಂತಿದ್ದಳು.

"ಪೂಜಿ ಮುಗೀಲಿ ಯವ್ವಾ, ನಾ ಮಂಗಳಾರತಿಗೆ ಬರ್ತೀನಿ."

ನಡುವೆ ಹೊಳಿ

ಗದ್ವಾಲ್‌ನ ಕಿರಿಯವನಿಗೆ ಹೊಸ ರಾಜ್ಯದ ಹುರುಪು. ವಿಳಾಸದಲ್ಲಿ 'ತೆಲಂಗಾಣ' ಅನ್ನುವುದು ಬೆಟ್ಟದಷ್ಟು ದೊಡ್ಡದಾಗಿ ಇರಬೇಕೆಂದ. ಹಾಗೇ ಮಾಡಿ ತೋರಿಸಿದೆ. ನೋಡಿದವನೇ ತಲೆ ಕೆರೆದುಕೊಂಡ.

"ಸರ್, ನಮ್ಮ ಅರ್ಧ ಗಿರಾಕಿ ಹೊಳಿ ಆಚಿ ದಂಡಿ ಕರ್ನೂಲ್‌ನವರು. ಈಗ ಅವರದು ಬ್ಯಾರೆ ರಾಜ್ಯ. ಬ್ಯಾಸರ ಮಾಡ್ಕೊಂಡಾರು. ಅವರು ನೋಡಿದಾಗ ಸಣ್ಣದಾಗಿ ಕಾಣಬೇಕು, ನಮ್ಮವರು ನೋಡಿದಾಗ ದೊಡ್ಡದಾಗಿ."

"ಯಾವ ದಂಡಿಯವರು ನೋಡಿದ್ರೂ ಒಂದ ಥರ ಕಾಣ್ತೈತ್ರೀ."

ಅವನು ಕಿಟಕಿಯಾಚೆ ಬಿಸಿಲಲ್ಲಿ ಕರಗುತ್ತಿದ್ದ ರಸ್ತೆ ನೋಡುತ್ತ ಯೋಚಿಸಿದ. ಮುಖ ಅರಳಿತು.

"ಹಂಗಾದ್ರ ನಡುವ ಒಂದು ಹೊಳಿ ಹಾಕಿಬಿಡ್ರಿ!"

ತೆರೆದದ್ದೇ ಹಾಗೆ

ಕೊನೆಗೆ ಮೂವರ ಬೇಡಿಕೆಯನ್ನೂ ಸೇರಿಸಿ ಒಂದು ವಿನ್ಯಾಸ ಮಾಡಿದೆ. ಹಾರುವ ಸೆರಗು, ಹರಿಯುವ ಹೊಳೆ, ಬಿಡದ ಬಣ್ಣ ಎಲ್ಲವೂ ಅದರಲ್ಲಿದ್ದವು. ಗದ್ವಾಲ್ ಅಂಗಡಿಯಲ್ಲಿ ಮೂವರೂ ಸೇರಿದರು. ಒಂದೇ ಗಾದಿಯ ಮೇಲೆ ಮೂರು ದಿಕ್ಕಿಗೆ ಮುಖ ಮಾಡಿ ಕೂತರು. ಪುಟ ತೆರೆದೆ.

ಅವತ್ತು ನೆಟ್ ಸತ್ತುಹೋದ ಹಾಗಿತ್ತು. ಕೆನೆಬಣ್ಣದ ಖಾಲಿ ಪುಟ, ನಡುವೆ ಅವರಪ್ಪನ ಹೆಸರು, ಕೆಳಗೆ ಒಂದು ಸಣ್ಣ ಕೆಂಪು ಅಂಚು. ಅಷ್ಟೇ ಬಂದು ನಿಂತಿತು.

ಮೂವರೂ ನಿಧಾನವಾಗಿ ಪರದೆಯ ಕಡೆ ತಿರುಗಿದರು.

"ಮುಂಜಾನಿ ಅಪ್ಪ ಕದ ತೆಗೆದಾಗ," ಅಕ್ಕ ಮೆಲ್ಲಗೆ ಅಂದಳು, "ಇನ್ನೂ ಒಂದೂ ಸೀರಿ ಬಿಚ್ಚಿರಲಿಲ್ಲ. ಅಂಗಡಿ ಹಿಂಗ ಇರ್ತಿತ್ತು."

"ಅಪ್ಪ ಒಳಗ ಕುಂತಾರ ಅನಸ್ತೈತಿ ಅಕ್ಕಾ," ಎಂದ ಕಿರಿಯವ. ಎಷ್ಟೋ ಕಾಲದ ಮೇಲೆ ಅವನು ಆಕೆಯನ್ನು ಅಕ್ಕಾ ಅಂದಿದ್ದ. ಹಿರಿಯಣ್ಣ ತಮ್ಮನ ಬೆನ್ನ ಮೇಲೆ ಕೈ ಇಟ್ಟರು.

ನನಗೆ ತಡೆಯಲಾಗಲಿಲ್ಲ. "ಇದು ಇನ್ನೂ ಪೂರಾ ಬಂದಿಲ್ರೀ, ಬರಾಕತ್ತೈತಿ..."

ಅಷ್ಟರಲ್ಲಿ ಪರದೆಯ ಮೇಲ್ತುದಿಯಿಂದ ಒಂದು ಚಿತ್ರ ಇಳಿಯತೊಡಗಿತು. ಮೂವರೂ ಒಟ್ಟಿಗೆ ಎದ್ದು ಕೂಗಿದರು: "ನಿಲ್ಲಸ್ರೀ ಅದನ್ನ!"

ಗಾಬರಿಯಲ್ಲಿ ನೆಟ್ಟಿನ ವೈರನ್ನೇ ಕಿತ್ತೆ.

"ಇಷ್ಟ ಇರಲಿ," ಎಂದರು ಹಿರಿಯಣ್ಣ. "ಉಳಿದದ್ದು ಯಾವತ್ತೂ ಬರದಂಗ ಗಟ್ಟಿಯಾಗಿ ಮಾಡಿಕೊಡ್ರಿ."

ಹಾಗೇ ಮಾಡಿಕೊಟ್ಟೆ. ವಿಳಾಸ, ಫೋನ್ ನಂಬರನ್ನು ಅಂಚಿನ ಕೆಳಗೆ ಹಾಕಿದೆ, ಅಷ್ಟೇ. ಆಮೇಲೆ ಜಿಲ್ಲೆಗಳೂ ಬದಲಾದವು, ವಿನ್ಯಾಸ ಬದಲಾಗಿಲ್ಲ. ಇವತ್ತಿಗೂ ಗಿರಾಕಿಗಳು ಫೋನ್ ಮಾಡಿ, "ನಿಮ್ಮ ವೆಬ್‌ಸೈಟ್ ಪೂರಾ ತೆರೀವಲ್ದು" ಅಂತಾರಂತೆ. ಮೂರೂ ಅಂಗಡಿಯವರದು ಒಂದೇ ಉತ್ತರ:

"ತೆರದೈತ್ರೀ. ಅಂಗಡಿಗೆ ಬರ್ರಿ, ಬಿಚ್ಚಿ ತೋರಸ್ತೀವಿ."