ನೂರು ಬೂದುಗುಂಬಳಕಾಯಿ

ಫ್ರಿಜ್ಜಿನ ಮೇಲಿಟ್ಟಿದ್ದ ಫೋನು ರಾತ್ರಿ ಎಲ್ಲ ಮಲಗಿದ ಮೇಲೆ ಒಂದೇ ಒಂದು ಸಲ ಟಿಣ್ ಎಂದಿತು. ಸುನಿಲನ ಗೊರಕೆಯ ತಾಳ ಕೂಡ ತಪ್ಪಲಿಲ್ಲ. ಆದರೆ ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡೆರಡು ಸಲ ಎದ್ದು ನೋಡುವ ಅವನ ಹೆಂಡತಿ ಬಿಂದುಶ್ರೀಗೆ ಅಷ್ಟು ಸದ್ದು ಸಾಕಾಗಿತ್ತು. ಎದ್ದು ಹೋಗಿ ನೋಡಿದಳು. 'ಆರ್ಡರ್ ತಲುಪಿದೆ, ಧನ್ಯವಾದ' ಎಂದಿತ್ತು. ಅಂತೂ ಸಾಫ್ಟ್‌ವೇರು ಕೆಲಸ ಮಾಡುತ್ತಿದೆಯಲ್ಲ ಎಂದು ಸಮಾಧಾನಪಟ್ಟು, ದಾರಿಯಲ್ಲಿ ಗ್ಯಾಸನ್ನೂ ಒಮ್ಮೆ ನೋಡಿ, ಬಂದು ಮಲಗಿದಳು.

ಬಿಂದುಶ್ರೀ ಕೆಲಸ ಮಾಡುವುದು ಹೂಟಗಳ್ಳಿಯ ಒಂದು ಪಂಪು ತಯಾರಿಸುವ ಕಾರ್ಖಾನೆಯಲ್ಲಿ. ಅಲ್ಲಿ ಸ್ಟೋರಿಗೆ ಒಂದು ಸಾಫ್ಟ್‌ವೇರ್, ಖರೀದಿಗೆ ಇನ್ನೊಂದು, ಅಕೌಂಟ್ಸಿಗೆ ಮತ್ತೊಂದು. ಮೂರೂ ಒಂದೇ ಮನೆಯಲ್ಲಿದ್ದು ಮಾತುಬಿಟ್ಟ ವಾರಗಿತ್ತಿಯರ ಹಾಗೆ. ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಿಳಿಯಬೇಕಾದರೆ ನಡುವೆ ಯಾರಾದರೂ ಚೀಟಿ ಹಿಡಿದು ಓಡಾಡಬೇಕು. ಈ ಮೂವರನ್ನು ಒಂದುಗೂಡಿಸಲೆಂದೇ ಬಿಂದುಶ್ರೀಯನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು.

"ಸಲೀಸಾಗಿ ಕೂಡಿಕೊಂಡ್ರೆ ನಿಮ್ಮ ಕೆಲಸ ಕಾಯಂ. ಎಡವಟ್ಟಾದ್ರೆ ನಿಮ್ಮ ದಾರಿ ನಿಮಗೆ," ಎಂದಿದ್ದರು ಮಾಲೀಕರಾದ ಲಕ್ಷ್ಮೀನರಸಿಂಹ.

ಹಿಂದೊಮ್ಮೆ ವಾಷರ್ ಮುಗಿದುಹೋಗಿ ಇಡೀ ಕಾರ್ಖಾನೆ ಕೈಕಟ್ಟಿ ಕೂತದ್ದನ್ನು ಅವರು ಮರೆತಿರಲಿಲ್ಲ. ಅವರ ಸಮಾಧಾನಕ್ಕೆಂದೇ ಬಿಂದುಶ್ರೀ ಒಂದು ನಿಯಮ ಸೇರಿಸಿದ್ದಳು. ಯಾವುದೇ ಸಾಮಾನು ಒಂದೇ ದಿನದಲ್ಲಿ ಪೂರ್ತಿ ಖಾಲಿಯಾದರೆ, ಸಾಫ್ಟ್‌ವೇರು ಯಾರನ್ನೂ ಕೇಳದೆ ಅದರ ಎರಡರಷ್ಟು ತರಿಸಬೇಕು. ಜೊತೆಗೆ ಇನ್ನೊಂದು: ಕಳಿಸಿದ ಆರ್ಡರನ್ನು ರದ್ದು ಮಾಡಲು ಮಾಲೀಕರೇ ಒಪ್ಪಬೇಕು. ಎರಡೂ ಅವರಿಗೆ ಬಹಳ ಹಿಡಿಸಿದ್ದವು.

ಹಿಂದಿನ ಸಂಜೆ ಜೋಡಣೆ ಮುಗಿಸಿ, ಚಾಲೂ ಮಾಡಿ ಬಂದಿದ್ದಳು. ಬೆಳಿಗ್ಗೆ ಗೇಟಿನ ಹತ್ತಿರ ಸ್ಟೋರಿನ ಮಹದೇವು ಕಾಯುತ್ತಿದ್ದ.

"ಮೇಡಂ, ಆಯುಧಪೂಜೆ ಯಾವತ್ತು?"

"ಇನ್ನೂ ತಿಂಗಳುಗಟ್ಟಲೆ ಇದೆಯಲ್ಲ ಮಹದೇವು. ಯಾಕೆ?"

"ಅಂಗಾರೆ ಇವು ಯಾಕ್ ಬಂದ್ಬುಟ್ವು?"

ಅವನ ಹಿಂದೆ ಒಂದು ಲಾರಿ ನಿಂತಿತ್ತು. ಅದರೊಳಗೆ ನೂರು ಬೂದುಗುಂಬಳಕಾಯಿಗಳು ಮೈಗೆಲ್ಲ ವಿಭೂತಿ ಬಳಿದುಕೊಂಡ ಬೈರಾಗಿಗಳ ಹಾಗೆ ಧ್ಯಾನಸ್ಥವಾಗಿದ್ದವು.

ಇದು ತನ್ನದೇ ಆರ್ಡರು ಎಂದು ಬಿಂದುಶ್ರೀಗೆ ಕೂಡಲೇ ಗೊತ್ತಾಯಿತು. ಪರೀಕ್ಷೆಗೆಂದು ಹಾಕುವ ಸುಳ್ಳು ಆರ್ಡರಿನಲ್ಲಿ ವಾಷರ್ ಬರೆದರೆ ಯಾರಾದರೂ ನಿಜವೆಂದುಕೊಂಡಾರು ಎಂದು ಅವಳು ಆರಿಸಿಕೊಂಡದ್ದು ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ತರಿಸುವ ಈ ಕಾಯಿಯನ್ನು. ಕಣ್ಣಿಗೆ ಬೀಳಲೆಂದು ನೂರು ಎಂದು ಹಾಕಿದ್ದಳು. ಚಾಲೂ ಮಾಡುವ ಮುಂಚೆ ಅಂಥವನ್ನೆಲ್ಲ ಅಳಿಸಿದ್ದಳು. ಒಂದು ಉಳಿದುಬಿಟ್ಟಿತ್ತು. ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ನೇರ ಮಂಡಿ ಮೊಹಲ್ಲಾದ ತರಕಾರಿ ಅಂಗಡಿಗೆ ಓಡಿತ್ತು.

ಅಂಗಡಿಯವರಿಗೆ ಫೋನು ಮಾಡಿದಳು.

"ಮೊದ್ಲೆಲ್ಲ ನಾವೇ ಫೋನ್ ಮಾಡಿ ಕೇಳ್ತಿದ್ವಿ ಕಣಮ್ಮ," ಎಂದರು ಅವರು. "ಇನ್ಮೇಲೆ ಏನೂ ಕೇಳ್ಬೇಡಿ, ಕಂಪ್ಯೂಟರ್ ಹೇಳಿದ್ದು ಕಳಿಸ್ತಾ ಇರಿ ಅಂದೋರು ನೀವೇ ತಾನೆ? ವಾಪಸ್ ತಗೊಳಕ್ಕಾಗಲ್ಲ. ಹೋದ ಕುಂಬಳಕಾಯಿ ಅಂಗಡಿಗೆ ತಿರುಗಿ ಬರಬಾರದು."

ಸಂಜೆ ಮಾಲೀಕರು ಬರುವವರಿದ್ದರು. ಅಷ್ಟರೊಳಗೆ ನೂರೂ ಮಾಯವಾಗಬೇಕಿತ್ತು.

ಮೊದಲು ಕ್ಯಾಂಟೀನಿನ ನೀಲಮ್ಮನ ಹತ್ತಿರ ಹೋದಳು. "ಮಜ್ಜಿಗೆಹುಳಿ ಮಾಡ್ತೀನಿ ಬುಡಿ, ಅದೇನ್ ಮಹಾ," ಎಂದಳು ನೀಲಮ್ಮ. "ಆದ್ರೆ ಇಡೀ ಕಾಯಿಗೆ ನಾನ್ ಕತ್ತಿ ಹಾಕಾಕಿಲ್ಲ. ಮೊದಲ ಏಟು ಗಂಡಸೇ ಹಾಕ್ಬೇಕು."

ಆಗ ಅಲ್ಲಿ ಕಾಫಿ ಕುಡಿಯುತ್ತಿದ್ದ ಗಂಡಸೆಂದರೆ ಅಕೌಂಟ್ಸಿನ ವೆಂಕಟಸುಬ್ಬಯ್ಯನವರು ಒಬ್ಬರೇ. ಕನ್ನಡಕ ಸರಿಮಾಡಿಕೊಂಡು, ತೆರಿಗೆಯವರ ನೋಟೀಸಿಗೆ ಸಹಿ ಹಾಕುವ ಮುಖ ಮಾಡಿ ಒಂದೇಟು ಹಾಕಿದರು. ಕಾಯಿ ಜಾರಿ ಮೇಜಿನ ಕೆಳಗೆ ಹೋಯಿತು. ಅವರು ಹಿಂದೆ ಹೋದರು. ಕಾಯಿ ಒಲೆಯ ಕಡೆ ಉರುಳಿತು.

"ಅಯ್ನೋರೆ, ಅದೇನು ಓಡೋಗೋ ಕೋಳಿಯಾ?" ಎಂದಳು ನೀಲಮ್ಮ. ಕೊನೆಗೆ ಮಹದೇವು ಬಂದು ಒಂದಷ್ಟು ಕಾಯಿ ಹೋಳು ಮಾಡಿಕೊಟ್ಟ. ಆದರೂ ಮುಕ್ಕಾಲು ಪಾಲು ಹಾಗೆಯೇ ಉಳಿದವು.

"ಮನೆಗೊಂದು ತಗೊಂಡು ಹೋಗಿ," ಎಂದು ಬಿಂದುಶ್ರೀ ಕೆಲಸಗಾರರಿಗೆ ಹೇಳುತ್ತ ಬಂದಳು. ಎಲ್ಲರೂ ನಕ್ಕರು, ಒಬ್ಬರೂ ಮುಟ್ಟಲಿಲ್ಲ.

"ನೋಡಮ್ಮ," ಎಂದರು ವೆಂಕಟಸುಬ್ಬಯ್ಯನವರು ಏದುಸಿರು ಬಿಡುತ್ತ. "ಬೂದುಗುಂಬಳಕಾಯಿ ದಾನ ತಗೊಂಡ್ರೆ ಕೊಟ್ಟೋರ ದೋಷವೂ ಜೊತೆಗೆ ಬರುತ್ತೆ. ಯಾರು ತಗೋತಾರೆ?"

"ದಾನ ಅಲ್ಲ ಸಾರ್. ಸುಮ್ಮನೆ ಕೊಡ್ತಿರೋದು."

"ಸುಮ್ಮನೆ ಕೊಟ್ರೆ ಅದೇ ದಾನ." ಅವರು ಯೋಚಿಸಿದರು. "ಸ್ಟೋರಿಂದ ಸೋಪು, ಕೈಗವಸು ಕೊಡ್ತಾರಲ್ಲ, ಅದು ದಾನವೇ? ಅಲ್ಲ, ಅದು ಕಂಪನಿ ಲೆಕ್ಕ. ಹಾಗೇ ಎಂಟ್ರಿ ಮಾಡಿ ಕೊಡಿ. ದೋಷ ಬಂದ್ರೆ ಕಂಪನಿಗೆ ಬರುತ್ತೆ."

ಬಿಂದುಶ್ರೀಗೆ ಆ ಕ್ಷಣ ಅವರ ಕಾಲಿಗೆ ಬೀಳೋಣವೆನ್ನಿಸಿತು. ಮಹದೇವು ಕಂಪ್ಯೂಟರಿನ ಮುಂದೆ ಕೂತು, ಕ್ಯಾಂಟೀನಿಗೆ ಹೋದವನ್ನೂ ಸೇರಿಸಿ, ಒಂದೊಂದೇ ಕಾಯಿಯನ್ನು ಹೆಸರಿನ ಮುಂದೆ ಬರೆಯತೊಡಗಿದ. ಕಂಪನಿ ಕೊಡುವುದು ಎಂದ ಕೂಡಲೇ ಸಾಲು ಬೆಳೆಯಿತು.

"ನಂಗ್ಯಾಕೆ ಚಿಕ್ಕದು? ನಾನೂ ಪರ್ಮನೆಂಟೇ ಕಣ್ರೀ," ಎಂದು ಒಬ್ಬ ಜಗಳ ತೆಗೆದ. ಶಿಫ್ಟ್ ಬಿಟ್ಟಾಗ ಬೈಕುಗಳು ಒಂದರ ಹಿಂದೊಂದು ಹೊರಟವು. ಒಂದೆರಡರಲ್ಲಿ ಸವಾರನ ತಲೆ ಬರಿದಾಗಿತ್ತು, ಹೆಲ್ಮೆಟ್ಟಿನೊಳಗೆ ಕುಂಬಳಕಾಯಿ ಕೂತಿತ್ತು.

"ಕೊನೇದು ನಿಮ್ದು ಮೇಡಂ. ಎಂಟ್ರಿ ಮಾಡ್ಬುಟ್ಟಿವ್ನಿ," ಎಂದ ಮಹದೇವು. ಬಿಂದುಶ್ರೀ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಮಾಲೀಕರು ಬಂದರು. ಸಾಮಾನಿನ ಹೆಸರು ಓದುವ ಅಭ್ಯಾಸ ಅವರಿಗಿರಲಿಲ್ಲ. ಮೂರು ಪರದೆಗಳಲ್ಲೂ ಒಂದೇ ಅಂಕಿ ಇದೆಯೇ ಎಂದಷ್ಟೇ ನೋಡಿದರು. ಇತ್ತು. ಬಂದದ್ದು ನೂರು, ಹೋದದ್ದು ನೂರು, ಉಳಿದದ್ದು ಸೊನ್ನೆ.

"ಮೂರೂ ಒಂದೇ ಮಾತಾಡ್ತಿವೆ," ಎಂದರು ಸಂತೋಷದಿಂದ. "ನಾಳೆ ಬೆಳಿಗ್ಗೆ ನಾನೇ ಗೇಟಲ್ಲಿ ನಿಂತಿರ್ತೀನಿ. ಈ ಸಾಫ್ಟ್‌ವೇರು ತರಿಸಿದ ಲಾರಿ ಯಾವುದು ಮೊದಲು ಬರುತ್ತೋ ಅದಕ್ಕೆ ಪೂಜೆ ಮಾಡಿ, ಅದರ ಮುಂದೆನೇ ನಿಮಗೆ ಕಾಯಂ ಲೆಟರ್ ಕೊಡ್ತೀನಿ. ದೃಷ್ಟಿ ತೆಗೆಯೋಕೆ ಒಂದು ಬೂದುಗುಂಬಳಕಾಯಿ ಸಿಗುತ್ತೇನಮ್ಮ?"

ಮಹದೇವುಗೆ ಎಲ್ಲಿಂದಲೋ ಕೆಮ್ಮು ಬಂತು.

"ಸಿಗುತ್ತೆ ಸಾರ್," ಎಂದಳು ಬಿಂದುಶ್ರೀ, ಚೀಲ ಮುಟ್ಟಿ ನೋಡಿಕೊಂಡು.

ಆ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಕುಂಬಳಕಾಯಿ ನೋಡಿ ಸುನಿಲ ಚಾಕು ಹುಡುಕಿದ. "ಮುಟ್ಬೇಡಿ, ಅದು ಆಫೀಸಿಗೆ," ಎಂದು ಗದರಿ, ಬಹಳ ದಿನಗಳ ಮೇಲೆ ಗ್ಯಾಸನ್ನು ಒಂದೇ ಸಲ ನೋಡಿ ಮಲಗಿದಳು.

ಟಿಣ್.

ಈ ಸಲ ಅವಳು ವಿವರವನ್ನೂ ತೆರೆದು ಓದಿದಳು. ಬೂದುಗುಂಬಳಕಾಯಿ, ಇನ್ನೂರು. ಸಾಮಾನು ಒಂದೇ ದಿನದಲ್ಲಿ ಪೂರ್ತಿ ಖಾಲಿಯಾಗಿತ್ತು. ಸಾಫ್ಟ್‌ವೇರು ಹೇಳಿಕೊಟ್ಟ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತ್ತು. ಬೆಳಿಗ್ಗೆ ಮೊದಲು ಬರುವ ಲಾರಿ ಇದೇ. ರದ್ದು ಮಾಡಬೇಕೆಂದರೆ ಮಾಲೀಕರನ್ನೇ ಎಬ್ಬಿಸಿ ಕೇಳಬೇಕು.

"ಯಾರೇ ಅದು, ಇಷ್ಟೊತ್ತಲ್ಲಿ?" ಎಂದ ಸುನಿಲ ನಿದ್ದೆಗಣ್ಣಿನಲ್ಲಿ.

"ಯಾರೂ ಇಲ್ಲ. ಮಲಕೊಳ್ಳಿ."

ಕಟ್ಟೆಯ ಮೇಲಿದ್ದ ಕಾಯಿಯನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಇದನ್ನು ಹೊತ್ತುಕೊಂಡು ಹೋಗುವ ಅಗತ್ಯವೇನೂ ಇರಲಿಲ್ಲ. ಫೋನನ್ನು ಫ್ರಿಜ್ಜಿನ ಮೇಲೆ ಬೋರಲು ಇಟ್ಟು, ಗ್ಯಾಸನ್ನು ಎರಡು ಸಲ ನೋಡಿದಳು. ಸುನಿಲನಿಗೂ ಬೇಡ, ಮಹದೇವುಗೂ ಬೇಡ, ಬೆಳಿಗ್ಗೆ ಲಾರಿಯೇ ಎಲ್ಲವನ್ನೂ ಹೇಳುವವರೆಗೆ ತಾನಾಗಿ ಯಾರಿಗೂ ಏನೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಹೋಗಿ ಮಲಗಿದಳು.