ನಲ್ಲಿಮೂಳೆಯ ಕಳಂಕ

ಚಲುವರಾಜುವಿನ ಹೆಸರು ಕೆಟ್ಟಿದ್ದು ಒಂದು ನಲ್ಲಿಮೂಳೆಯಿಂದ.

ಹನಕೆರೆಯಲ್ಲಿ ಯಾರದೋ ಬೀಗರೂಟ. ಮದುವೆ ಮುಗಿದ ಎರಡು ಮೂರು ದಿನಕ್ಕೆ ನಡೆಯುವ ಈ ಬಾಡೂಟಕ್ಕೆ ಕರೆದರೂ ಹೋಗದಿರುವುದು ಕರೆದವರಿಗೆ ಮಾಡುವ ಅವಮಾನ ಎಂದು ಚಲುವರಾಜು ಮನಸಾರೆ ನಂಬಿದ್ದ. ಅವನು ಕಣ್ಣು ಮುಚ್ಚಿ, ಕೆನ್ನೆ ಒಳಗೆಳೆದುಕೊಂಡು ಮೂಳೆಯೊಳಗಿನ ಮಜ್ಜೆ ಹೀರುತ್ತಿದ್ದಾಗ ಯಾರೋ ಫೋಟೋ ತೆಗೆದು, ಯಾರದೆಂದು ತಿಳಿಯದ ನಂಬರಿನಿಂದ ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಸಮಯ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಹಾಜರಿ ಪುಸ್ತಕದ ಪ್ರಕಾರ ಆ ಹೊತ್ತಿಗೆ ಅವನು ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ತನ್ನ ಮೇಜಿನ ಮುಂದೆ ಕೂತಿದ್ದ.

ಇಪ್ಪತ್ತೆರಡು ವರ್ಷ ಸರ್ವಿಸಿನ ಗುಮಾಸ್ತ ಅಂದಿನಿಂದ ನಲ್ಲಿಮೂಳೆ ಚಲುವಣ್ಣನಾದ. ಫೈಲು ಕಾಣದಿದ್ದರೆ, "ಚಲುವಣ್ಣ ಮುದ್ದೆ ಜೊತೆ ನುಂಗಿರ್ಬೇಕು ನೋಡಿ" ಎನ್ನುವರು. ಅನ್ಯಾಯವೆಂದರೆ ಬೀಗರೂಟಕ್ಕೆ ಆಫೀಸಿಗೆ ಆಫೀಸೇ ಹೋಗುತ್ತಿತ್ತು. ಫೋಟೋ ಇದ್ದದ್ದು ಮಾತ್ರ ಇವನೊಬ್ಬನದು.

ಈಗ ಕಚೇರಿಯ ಮ್ಯಾನೇಜರ್ ನಿವೃತ್ತರಾಗಿದ್ದರು. ಆ ಕುರ್ಚಿಗೆ ಯಾರ ಹೆಸರು ಎಂದು ಹೊಸ ಅಧಿಕಾರಿ ಅಮೃತ ಮೇಡಂ ಈ ವಾರವೇ ತೀರ್ಮಾನಿಸಬೇಕಿತ್ತು. ಬರುವ ಭಾನುವಾರ ಚಲುವರಾಜುವಿನ ಒಬ್ಬಳೇ ಮಗಳು ಅರ್ಪಿತಳ ಮದುವೆ. ಹೊಸ ಬೀಗರ ಮುಂದೆ ಮ್ಯಾನೇಜರ್ ಆಗಿ ನಿಲ್ಲಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಆಫೀಸಿನವರ ಲಗ್ನಪತ್ರಿಕೆಗಳು ನಾಲ್ಕು ದಿನದಿಂದ ಬ್ಯಾಗಿನಲ್ಲೇ ಇದ್ದವು. ಮೊದಲು ಹೆಸರು ಸರಿಹೋಗಲಿ, ಆಮೇಲೆ ಹಂಚೋಣ ಎಂದುಕೊಂಡಿದ್ದ.

ಅದಕ್ಕೆ ಆರಿಸಿಕೊಂಡದ್ದು ಈ ಬುಧವಾರ. ಇಂದು ದುದ್ದದಲ್ಲಿ ಸಹೋದ್ಯೋಗಿ ಜಯಪ್ರಕಾಶನ ತಮ್ಮನ ಬೀಗರೂಟ. ಮೇಡಂ ಮೀಟಿಂಗಿಗೆ ಹೋಗಿದ್ದರು. ಹನ್ನೊಂದೂವರೆಗೆ ಜಯಪ್ರಕಾಶ ಟೆಂಪೋ ಸಮೇತ ಬಂದಿಳಿದ.

"ಲೇ ಚಲ್ವ, ಏಳ್ಲಾ. ನಲ್ಲಿಮೂಳೆ ನಿಂಗೆ ಅಂತ್ಲೇ ಬ್ಯಾರೆ ಎತ್ತಿಡ್ಸಿವ್ನಿ."

"ನಾ ಬರಾಕಿಲ್ಲ ಕಣ್ಲಾ. ಕೆಲ್ಸ ಅದೆ."

ಅಟೆಂಡರ್ ಮುದ್ದಮ್ಮ ಹತ್ತಿರ ಬಂದು ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ ಕಣಪ್ಪ. ಒಟ್ಟೆ ಕೆಟ್ಟದಾ?"

"ಏನೂ ಕೆಟ್ಟಿಲ್ಲ. ನೀವ್ ಓಗಿ."

ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೂ ಅವರೆಲ್ಲ ಹಿಂತಿರುಗಿ ಇವನನ್ನೇ ನೋಡುತ್ತಿದ್ದರು.

ಒಂಟಿಯಾಗಿ ಪ್ರಾಮಾಣಿಕನಾಗಿರುವುದು ಬಹಳ ಕಷ್ಟದ ಕೆಲಸ. ಮೊದಲು ಬಂದ ರೈತ ಬಾಗಿಲಲ್ಲೇ ನಿಂತು, "ಯಾರೂ ಇಲ್ವಾ?" ಎಂದ.

"ನಾನಿಲ್ವಾ?"

"ನೀವ್ ಅಲ್ಲ, ಕೆಲ್ಸ ಮಾಡೋರು" ಎಂದು ಅವನು ಹೊರಟೇಹೋದ.

ಹನ್ನೆರಡೂವರೆಗೆ ಹೆಂಡತಿ ಕವಿತಳ ಫೋನು. "ರೀ, ದುದ್ದದಿಂದ ಬರೋವಾಗ ಒಂದಷ್ಟು ಎಲೆ ಅಡಿಕೆ ತನ್ನಿ."

"ನಾ ಆಫೀಸ್ನಲ್ಲೇ ಇವ್ನಿ ಕಣೆ."

"ಸರಿ ಸರಿ, ಮೊದ್ಲು ಬಾಯ್ ಒರೆಸ್ಕೊಂಡು ಮಾತಾಡಿ."

ಕಟ್ಟಿಕೊಂಡವಳೇ ನಂಬದಿದ್ದಾಗ ಚಲುವರಾಜುವಿಗೆ ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ದುದ್ದದಿಂದ ವಿಡಿಯೋ ಕಾಲ್. ತೆರೆಯ ತುಂಬ ಬಾಳೆಯೆಲೆ, ಮೇಲೆ ಮುದ್ದೆ, ಬೋಟಿ ಗೊಜ್ಜು, ಪಕ್ಕದಲ್ಲಿ ಗಟ್ಟಿಮುಟ್ಟಾದ ಒಂದು ನಲ್ಲಿಮೂಳೆ. ಅವನು ಫೋನನ್ನು ಡ್ರಾಯರಿಗೆ ಹಾಕಿ ಬೀಗ ಜಡಿದ.

ಆಗ ಬಂದವಳು ವೈದ್ಯನಾಥಪುರದ ಸಣ್ಣತಾಯಮ್ಮ. ಕಳೆ ತೆಗೆಯುವ ಯಂತ್ರಕ್ಕೆ ಅರ್ಜಿ ಹಾಕಿ ಅಲೆಯುತ್ತಿದ್ದಳು. "ನಾಕ್ ಕಿತ ಬಂದೆ ಸೋಮಿ. ಒಂದೊಂದ್ ಕಿತಾನೂ ಊಟಕ್ಕೋಗವ್ರೆ ಅಂತಾರೆ. ಯಾವೂರ್ನಾಗೆ ಊಟ ಮಾಡ್ತೀರಾ ನೀವು?"

ಫೈಲು ಜಯಪ್ರಕಾಶನ ಮೇಜಿನಲ್ಲಿತ್ತು, ತಳದಲ್ಲಿ, ಹಳೆಯ ಮದುವೆ ಪತ್ರಿಕೆಗಳ ಕೆಳಗೆ. ಚಲುವರಾಜು ಅದನ್ನು ಕೆದಕಿ ತೆಗೆದು, ಇಲ್ಲದ ಹಾಳೆ ಹುಡುಕಿ ಸೇರಿಸಿ, ಬಾಕಿಯಿದ್ದದ್ದನ್ನೆಲ್ಲ ಬರೆದು ಎರಡೂವರೆಗೆ ಸಹಿಗೆ ಸಿದ್ಧಮಾಡಿದ. ಹೊಟ್ಟೆ ಖಾಲಿಯಿತ್ತು, ಎದೆ ತುಂಬಿತ್ತು.

ಆಗಲೇ ಆಟೋ ಶಿವಯ್ಯ ನಾಲ್ಕು ಡಬ್ಬಿಯ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟ. "ಜಯಪ್ರಕಾಸಣ್ಣ ಕಳ್ಸವ್ರೆ. ಬಿಸಿ ಆರೋದ್ರೊಳ್ಗೆ ತಿನ್ಬೇಕಂತೆ."

ಶಿವಯ್ಯ ಅತ್ತ ಹೋಗುವುದಕ್ಕೂ ಇತ್ತ ಮೇಡಂ ಅವರ ಜೀಪು ಬರುವುದಕ್ಕೂ ಸರಿಹೋಯಿತು. ಜೀಪಿನಲ್ಲಿ ಮೇಡಂ ಒಬ್ಬರೇ ಇರಲಿಲ್ಲ, ಅವರ ಮೇಲಿನ ದೊಡ್ಡ ಸಾಹೇಬರೂ ಇದ್ದರು. ಚಲುವರಾಜು ಕ್ಯಾರಿಯರನ್ನು ಬೀರುವಿನೊಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಸಾಹೇಬರು ಖಾಲಿ ಕುರ್ಚಿಗಳನ್ನು ಎಣಿಸಿದರು. "ಉಳಿದವರೆಲ್ಲ ಎಲ್ರೀ?"

"ಕ್ಷೇತ್ರ ಭೇಟಿ ಸರ್. ದುದ್ದದ ಕಡೆ."

"ನಾನೂ ಇದೇ ಜಿಲ್ಲೆಯ ಮಳವಳ್ಳಿಯವನೇ ಕಣ್ರೀ. ಬುಧವಾರದ ಕ್ಷೇತ್ರ ಭೇಟಿ ಏನೂಂತ ನನಗೂ ಗೊತ್ತು." ಅವರ ಮೂಗು ಅರಳಿತು. "ಇಲ್ಲೂ ಅದೇ ವಾಸನೆ ಬರ್ತಿದೆಯಲ್ಲ? ಸ್ವಲ್ಪ ಸರೀರಿ."

ಬೀರು ತೆರೆಯಿತು. ಮೇಡಂ ಮುಖ ಕಪ್ಪಿಟ್ಟಿತು. ಚಲುವರಾಜುವಿನ ಇಪ್ಪತ್ತೆರಡು ವರ್ಷ ಅವನ ಕಣ್ಣ ಮುಂದೆ ಬಂದು ನಿಂತಿತು.

"ಅದು ನಂದು ಕಣ್ ಸೋಮಿ!" ಸಹಿಗೆ ಕಾದು ಕೂತಿದ್ದ ಸಣ್ಣತಾಯಮ್ಮ ಬೆಂಚಿನಿಂದ ಎದ್ದು ಬಂದಳು. "ಮಗ್ಳ ಮನೆಯಿಂದ ಕೊಟ್ಟವ್ರೆ. ನಾಯಿ ಬಾಯಾಕೀತು ಅಂತ ಈ ಸೋಮಿ ಒಳಗಿಟ್ರು. ಊರವ್ರೆಲ್ಲ ಉಣ್ಣಕ್ಕೋಗವ್ರೆ, ಈವಯ್ಯ ಒಬ್ರೇ ನೀರೂ ಕುಡೀದೆ ನನ್ ಕೆಲ್ಸ ಮಾಡ್ಕೊಟ್ರು. ಇಂಥೋರು ಎಲ್ಲವ್ರೆ ಏಳಿ!"

ಮೇಡಂ ಫೈಲು ನೋಡಿದರು, ಅಲ್ಲೇ ಸಹಿ ಹಾಕಿದರು. ಸಾಹೇಬರು, "ಅಮ್ಮನ ಕ್ಯಾರಿಯರ್ ಕೊಡ್ರೀ, ಪಾಪ" ಎಂದರು. ಚಲುವರಾಜು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಸಣ್ಣತಾಯಮ್ಮ ಮತ್ತು ನಲ್ಲಿಮೂಳೆ ಒಟ್ಟಿಗೇ ಮದ್ದೂರಿನ ಬಸ್ಸು ಹತ್ತಿದರು.

"ಮ್ಯಾನೇಜರ್ ಕುರ್ಚಿಗೆ ಇವರ ಹೆಸರೇ ಬರೀರಿ" ಎಂದರು ಸಾಹೇಬರು ಹೊರಡುವ ಮುನ್ನ. "ಆದರೆ ಇನ್ನು ಬೀಗರೂಟದ ದಿನ ಈ ಆಫೀಸು ಖಾಲಿಯಿರಕೂಡದು. ಯಾರು ಹೋದರೂ ಮ್ಯಾನೇಜರ್ ಆ ಕುರ್ಚಿ ಬಿಟ್ಟು ಏಳಕೂಡದು. ಅದನ್ನೂ ಆದೇಶದಲ್ಲಿ ಸೇರಿಸಿ. ಮುಂದಿನ ಬೀಗರೂಟ ಯಾವತ್ತೂಂತ ತಿಳಿಸಿ, ನಾನೇ ಬಂದು ನೋಡ್ತೀನಿ."

"ಏಳೋದೇ ಇಲ್ಲ ಸರ್!" ಎಂದ ಚಲುವರಾಜು, ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

ನಾಲ್ಕು ಗಂಟೆಗೆ ಟೆಂಪೋ ಬಂತು. ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಇಳಿದವರಿಗೆ ಮೇಡಂ ಆದೇಶ ಓದಿ ಹೇಳಿದರು. "ಇನ್ನು ಯಾರೂ ಇವರನ್ನ ನಲ್ಲಿಮೂಳೆ ಅನ್ನಕೂಡದು. ಗುಂಪಿನಲ್ಲಿರೋ ಆ ಫೋಟೋನೂ ಅಳಿಸಿಹಾಕಿ." ಜಯಪ್ರಕಾಶ ತಲೆ ತಗ್ಗಿಸಿ, ಎಲ್ಲರ ಮುಂದೆ ಅಳಿಸಿದ. ಹಾಕಿದವನು ಅವನೇ ಎಂದು ಅಂದು ಗೊತ್ತಾಯಿತು. ಮುದ್ದಮ್ಮ ಚಪ್ಪಾಳೆ ತಟ್ಟಿದಳು, ಮಿಕ್ಕವರೂ ತಟ್ಟಿದರು.

ಚಲುವರಾಜುವಿಗೆ ಹೇಳತೀರದಷ್ಟು ಸಂತೋಷವಾಯಿತು. ಬ್ಯಾಗಿನಿಂದ ಲಗ್ನಪತ್ರಿಕೆಗಳ ಕಟ್ಟು ತೆಗೆದ. ಮೊದಲನೆಯದನ್ನು ಮೇಡಂ ಕೈಗಿತ್ತು, "ಒಬ್ಬಳೇ ಮಗಳು ಮೇಡಂ. ಇಡೀ ಆಫೀಸು ಬಂದು ಹರಸಬೇಕು" ಎಂದ.

"ಖಂಡಿತ ಬರ್ತೀವಿ. ಭಾನುವಾರ ಮದುವೆ..." ಮೇಡಂ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಬುಧವಾರ, ಮದ್ದೂರಿನ ಸ್ವಗೃಹದಲ್ಲಿ ಬೀಗರೂಟ."

ಬೆರಳು ಅಲ್ಲೇ ನಿಂತಿತು. ಮೇಡಂ ಆದೇಶದ ಕಡೆ ನೋಡಿದರು. ಅದರ ಶಾಯಿ ಇನ್ನೂ ಒಣಗಿರಲಿಲ್ಲ.

"ಸಾಹೇಬರಿಗೆ ತಾರೀಖು ತಿಳಿಸಬೇಕಲ್ಲ, ಮ್ಯಾನೇಜರೇ" ಎಂದರು ಮೆಲ್ಲಗೆ.

ಜಯಪ್ರಕಾಶ ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಯೋಚ್ನೆ ಮಾಡ್ಬ್ಯಾಡ ಬುಡ್ಲಾ ಚಲ್ವ. ನಿನ್ ಬೀಗ್ರುನ್ನ ನಾವ್ ನೋಡ್ಕತೀವಿ. ನಿನ್ ನಲ್ಲಿಮೂಳೆ ಕ್ಯಾರಿಯರ್ನಾಗೆ ಕಳ್ಸ್ತೀವಿ."